ಮನೆಯ ಬಿಯರ್, ದಂಡೆಯ ಬಾರ್ ಮತ್ತು ನಮ್ಮ ಬಿಳಿಜೋಳ

ಬಿಯರನ್ನು ಮನೆಯಲ್ಲಿಯೇ ತಯಾರಿಸುವುದು, ಹಾಯಿದೋಣಿಯಲ್ಲಿ ತೆರಳಿ ನೀರಿನ ದಂಡೆಯ ಬಾರಿನಲ್ಲಿ ಅದನ್ನು ಸವಿಯುವುದು ಪಾಶ್ಚಾತ್ಯ ದೇಶಗಳಲ್ಲಿ ರೂಢಿಯಲ್ಲಿರುವ ಹವ್ಯಾಸ. ಅಮೆರಿಕದಲ್ಲಿ 1978ರ ಕಾನೂನಿನನ್ವಯ ಇಬ್ಬರು ವಯಸ್ಕರಿರುವ ಕುಟುಂಬವು ಸ್ವಂತ ಬಳಕೆಗಾಗಿ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್, ಬಿಯರನ್ನು ಕೇಂದ್ರ ತೆರಿಗೆಯಿಲ್ಲದೆ ತಯಾರಿಸಬಹುದು. ಬೆಂಗಳೂರಿನಲ್ಲಿಯೂ 2011ರಿಂದೀಚೆಗೆ ಮೈಕ್ರೋ ಬ್ರೂವರಿಗಳು ಬೆಳೆದಿವೆ. ತಾಂಬಾ, ಇಂಡಿ, ಸಿಂದಗಿ ಭಾಗದ ಉದ್ಯಮಿಗಳು ಈ ಕ್ಷೇತ್ರದಲ್ಲಿ ಹಣ ತೊಡಗಿಸುವ ಮುನ್ನ ಕಾಯ್ದೆ ಮತ್ತು ತೆರಿಗೆಯ ಲೆಕ್ಕವನ್ನು ಅರಿಯುವುದು ಅವಶ್ಯ.

ಕಾಯ್ದೆಯ ನಿಲುವು

ಮದ್ಯದ ತಯಾರಿಕೆ ಹಾಗೂ ಮಾರಾಟವು ಸಂವಿಧಾನದ ರಾಜ್ಯಪಟ್ಟಿಯ 8ನೇ ನಮೂದಿಗೆ ಸೇರಿದೆ. ಕರ್ನಾಟಕ ಅಬಕಾರಿ ಕಾಯ್ದೆ, 1965ರ 13ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ. ಆ ಉದ್ದೇಶಕ್ಕಾಗಿ ಪಾತ್ರೆ, ಉಪಕರಣಗಳನ್ನು ಇಟ್ಟುಕೊಳ್ಳುವಂತೆಯೂ ಇಲ್ಲ. ಮಾರುವುದಿಲ್ಲ, ಮನೆಬಳಕೆಗಷ್ಟೇ ಎಂಬ ಸಮಜಾಯಿಷಿ ರಕ್ಷಣೆ ನೀಡಲಾರದು. ಆಲಮಟ್ಟಿ ಹಿನ್ನೀರಿನಂತಹ ಕಡೆ ದಂಡೆಯ ಬಾರನ್ನು ಯೋಚಿಸುವವರಿಗೆ ಅಬಕಾರಿ ಲೈಸೆನ್ಸ್ ಒಂದೇ ಸಾಲದು. ಜಾಗಕ್ಕೆ ಪ್ರತ್ಯೇಕ ಅನುಮತಿ ಬೇಕು. ದೋಣಿಗಳು ಒಳನಾಡು ಹಡಗುಗಳ ಕಾಯ್ದೆ, 2021ರ ವ್ಯಾಪ್ತಿಗೆ ಬರುತ್ತವೆ.

ತೆರಿಗೆಯ ಲೆಕ್ಕ

ಮಾನವ ಸೇವನೆಯ ಮದ್ಯವು ಜಿ.ಎಸ್.ಟಿ.ಯಿಂದ ಹೊರಗಿದೆ. ಇದು ಲಾಭವೆಂದು ತೋರಿದರೂ ವಾಸ್ತವ ಬೇರೆ. ಉದಾಹರಣೆಗೆ, ರೂ. 50 ಲಕ್ಷದ ಯಂತ್ರಗಳಿಗೆ ಶೇ. 18ರಂತೆ ರೂ. 9 ಲಕ್ಷ ಜಿ.ಎಸ್.ಟಿ. ತೆತ್ತರೆ, ಬಿಯರ್ ತಯಾರಕನಿಗೆ ಅದರ ಹೂಟುವಳಿ ತೆರಿಗೆ ಜಮೆ ದೊರೆಯದು. ಆ ಮೊತ್ತ ಯಂತ್ರದ ಬೆಲೆಗೇ ಸೇರುತ್ತದೆ. ಅದೇ ಯಂತ್ರ ಮಾಲ್ಟ್ ತಯಾರಿಕೆಗಾದರೆ, ಮಾಲ್ಟ್ ಜಿ.ಎಸ್.ಟಿ.ಗೆ ಒಳಪಟ್ಟ ಸರಕಾದ್ದರಿಂದ, ಆ ಜಮೆಯನ್ನು ಮಾರಾಟದ ತೆರಿಗೆಯೆದುರು ಹೊಂದಿಸಿಕೊಳ್ಳಬಹುದು. ಆದರೆ ಜಮೆ ಪಡೆದ ತೆರಿಗೆಯ ಭಾಗಕ್ಕೆ ಸವಕಳಿ ಕೇಳುವಂತಿಲ್ಲ.

ನಮ್ಮ ಭಾಗಕ್ಕಿರುವ ಅವಕಾಶ

ಬಾರ್ಲಿಯಂತೆ ಜೋಳದಿಂದಲೂ ಮಾಲ್ಟ್ ತಯಾರಾಗುತ್ತದೆ. ನೈಜೀರಿಯಾ 1988ರಲ್ಲಿ ಬಾರ್ಲಿ ಮಾಲ್ಟಿನ ಆಮದನ್ನು ನಿಷೇಧಿಸಿದಾಗ ಅಲ್ಲಿನ ಬ್ರೂವರಿಗಳು ಜೋಳ, ಮೆಕ್ಕೆಜೋಳಗಳನ್ನೇ ಅವಲಂಬಿಸಿದವು. ಜೋಳದಲ್ಲಿ ಗ್ಲುಟೆನ್ ಇಲ್ಲದಿರುವುದು ಇನ್ನೊಂದು ಅನುಕೂಲ. ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ ಕಾಳಿನಲ್ಲಿ ಹುದುಗುವಿಕೆ ನಡೆದಿರುವುದಿಲ್ಲವಾದ್ದರಿಂದ ಅದು ಮದ್ಯವಲ್ಲ. ಆಹಾರ ಸುರಕ್ಷತಾ ನಿಯಮಗಳ ಪಾಲನೆ ಮಾತ್ರ ಕಡ್ಡಾಯ.

ಆದಾಗ್ಯೂ ಮೂರು ಎಚ್ಚರಿಕೆಗಳು ಅವಶ್ಯ. ಒಂದು, ಮಳೆಗೆ ಸಿಕ್ಕ ಅಥವಾ ಹಳೆಯ ದಾಸ್ತಾನಿನ ಜೋಳ ಸಮನಾಗಿ ಮೊಳೆಯದು. ಔಷಧ ಲೇಪಿಸಿದ ಬಿತ್ತನೆ ಬೀಜವನ್ನಂತೂ ಬಳಸಲೇಬಾರದು. ಎರಡು, ಜೋಳದ ಮೊಳಕೆ ಮತ್ತು ಬೇರಿನಲ್ಲಿ ಸೈನೈಡ್ ಬಿಡುಗಡೆ ಮಾಡುವ ಅಂಶವಿರುವುದರಿಂದ ಒಣಗಿದ ಬಳಿಕ ಅವನ್ನು ಪೂರ್ಣವಾಗಿ ಉಜ್ಜಿ ತೆಗೆಯಬೇಕು. ಮೂರು, ಜೋಳದ ಮಾಲ್ಟಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವದ ಶಕ್ತಿ ಬಾರ್ಲಿಗಿಂತ ಕಡಿಮೆ. ಆದುದರಿಂದ ಮಾದರಿಯನ್ನು ಖರೀದಿದಾರರಿಗೆ ಒಪ್ಪಿಸಿ, ಲಿಖಿತ ಆರ್ಡರ್ ಪಡೆದ ನಂತರವೇ ಯಂತ್ರಗಳಿಗೆ ಸಾಲ ಮಾಡುವುದು ವಿವೇಕ.

ಬಿಯರಿನ ಲೈಸೆನ್ಸಿಗಾಗಿ ಅಲೆಯುವುದಕ್ಕಿಂತ, ಲೈಸೆನ್ಸ್ ಹೊಂದಿದವರಿಗೆ ಕಚ್ಚಾವಸ್ತು ಪೂರೈಸುವುದು ನಮ್ಮ ಸಣ್ಣ ಉದ್ಯಮಿಗಳಿಗೆ ಹೆಚ್ಚು ಸುರಕ್ಷಿತ ಮಾರ್ಗವೆಂಬುದು ಈ ಲೇಖಕನ ಅಭಿಪ್ರಾಯ.