ರೋಗವೋ, ಸೋಗೋ? : ಮನೋವಿಘಟನೆಯೂ ಚಿಕಿತ್ಸಕರ ತರಬೇತಿಯೂ

ರಕ್ತದೊತ್ತಡ, ಮಧುಮೇಹ, ಹೃದ್ರೋಗಗಳನ್ನು ಕುರಿತು ನಮ್ಮ ಜನರಲ್ಲಿ ಇಂದು ಸಾಕಷ್ಟು ತಿಳಿವಳಿಕೆ ಮೂಡಿದೆ. ಮನಸ್ಸಿನ ಕಾಯಿಲೆಗಳ ವಿಷಯದಲ್ಲಿ ಈ ಮಾತನ್ನು ಅಷ್ಟು ಧೈರ್ಯದಿಂದ ಹೇಳುವಂತಿಲ್ಲ. ಅವುಗಳಲ್ಲಿಯೂ ಒಂದು ಗುಂಪಿನ ಕಾಯಿಲೆಗಳಿಗೆ ಮನೆಯವರಿಂದ ಮಾತ್ರವಲ್ಲದೆ ಎಷ್ಟೋ ವೇಳೆ ವೈದ್ಯರಿಂದಲೂ ದೊರೆಯುವುದು 'ನಾಟಕ' ಎಂಬ ಹಣೆಪಟ್ಟಿ. ಇಂಗ್ಲಿಷಿನಲ್ಲಿ ಡಿಸೋಸಿಯೇಷನ್ ಎಂದು ಕರೆಯುವ ಈ ಸ್ಥಿತಿಯನ್ನು ನಾವು ಮನೋವಿಘಟನೆ ಎನ್ನಬಹುದು. ಈ ಲೇಖಕನು ವೈದ್ಯನಲ್ಲ. ವಾಣಿಜ್ಯಶಾಸ್ತ್ರವನ್ನು ಓದಿ ಬ್ಯಾಂಕಿನಲ್ಲಿ ದುಡಿಯುತ್ತಿರುವವನು. ಓದಿ ತಿಳಿದುದನ್ನು ನಮ್ಮ ಬಾಂಧವರೊಡನೆ ಹಂಚಿಕೊಳ್ಳುವುದಷ್ಟೇ ಇಲ್ಲಿಯ ಉದ್ದೇಶ.

ಮನೋವಿಘಟನೆ ಎಂದರೇನು?

ನೆನಪು, ಭಾವನೆ, ಅಂಗಾಂಗಗಳ ಚಲನೆ, 'ನಾನು' ಎಂಬ ಅರಿವು, ಇವೆಲ್ಲ ಸ್ವಸ್ಥ ಮನಸ್ಸಿನಲ್ಲಿ ಒಂದಾಗಿ ಹೆಣೆದುಕೊಂಡಿರುತ್ತವೆ. ತಾಳಲಾರದ ಭಯ, ಹಿಂಸೆ ಅಥವಾ ಸಂಕಟಕ್ಕೆ ಸಿಲುಕಿದಾಗ ಕೆಲವರಲ್ಲಿ ಈ ಹೆಣಿಗೆ ಸಡಿಲಗೊಳ್ಳುತ್ತದೆ. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ, ಒಂದೇ ಲೆಡ್ಜರಿನಲ್ಲಿ ಸೇರಬೇಕಾದ ಜಮಾಖರ್ಚಿನ ಕೆಲವು ಬಾಬುಗಳು ಬೇರೊಂದು ಪುಸ್ತಕಕ್ಕೆ ಸೇರಿ, ಆ ಪುಸ್ತಕವು ಬೀಗದೊಳಗೆ ಉಳಿದಂತೆ. ಹಣ ಕಳೆದಿಲ್ಲ, ಆದರೆ ಲೆಕ್ಕ ತಾಳೆಯಾಗುವುದಿಲ್ಲ.

ಇದರ ರೂಪಗಳು ಹಲವು. ನರಗಳಿಗೆ ಯಾವ ಧಕ್ಕೆಯೂ ಆಗದಿದ್ದರೂ ಕೈಕಾಲು ಸ್ವಾಧೀನ ತಪ್ಪಬಹುದು, ಮಾತು ನಿಂತುಹೋಗಬಹುದು, ಮೂರ್ಛೆರೋಗದಂತೆಯೇ ಸೆಳೆತ ಬರಬಹುದು. ಬದುಕಿನ ಒಂದು ಅವಧಿಯ ನೆನಪು ಅಳಿಸಿಹೋಗಬಹುದು. ತಾನು ತನ್ನಿಂದಲೇ ದೂರ ನಿಂತು ನೋಡುತ್ತಿರುವಂತೆ ಭಾಸವಾಗಬಹುದು. ಅಪರೂಪಕ್ಕೆ ಒಬ್ಬರಲ್ಲಿಯೇ ಬೇರೆ ಬೇರೆ ವ್ಯಕ್ತಿತ್ವಗಳು ತಲೆದೋರಬಹುದು. ಇವು ಯಾವುವೂ ರೋಗಿಯು ಬೇಕೆಂದು ಮಾಡುವಂಥವಲ್ಲ.

ಫ್ರಾನ್ಸಿನ ಪಿಯರ್ ಜಾನೆ ಎಂಬ ವಿದ್ವಾಂಸರು 1889ರಲ್ಲಿಯೇ ತಮ್ಮ ಪ್ರೌಢಪ್ರಬಂಧದಲ್ಲಿ ಈ ಸ್ಥಿತಿಯನ್ನು ವಿವರಿಸಿದ್ದರು. ಹಿಂದೆ ಇವೆಲ್ಲಕ್ಕೂ 'ಹಿಸ್ಟೀರಿಯಾ' ಎಂಬ ಒಂದೇ ಹೆಸರಿತ್ತು. ಆ ಹೆಸರಿಗೆ ತಿರಸ್ಕಾರದ ವಾಸನೆ ಅಂಟಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯು 1992ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಆ ಹೆಸರನ್ನು ಕೈಬಿಟ್ಟಿತು. 2022ರ ಜನವರಿ 1ರಿಂದ ಜಾರಿಗೆ ಬಂದಿರುವ ಹನ್ನೊಂದನೆಯ ಪರಿಷ್ಕರಣದಲ್ಲಿ ಮನೋವಿಘಟನ ವ್ಯಾಧಿಗಳಿಗೆ ಪ್ರತ್ಯೇಕ ವಿಭಾಗವೇ ಇದೆ.

ಗುರುತಿಸುವ ವಿದ್ಯೆ

ಪುಸ್ತಕದಲ್ಲಿ ಹೆಸರು ಬದಲಾದ ಮಾತ್ರಕ್ಕೆ ವೈದ್ಯರ ಕಣ್ಣು ಬದಲಾಗುವುದಿಲ್ಲ. ಅದಕ್ಕೆ ತರಬೇತಿ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಹತ್ತು ವರ್ಷಗಳ ದಾಖಲೆಗಳ ಪರಿಶೀಲನೆಯೊಂದು 2010ರಲ್ಲಿ ಪ್ರಕಟವಾಯಿತು. ಅಲ್ಲಿ ಹೆಚ್ಚಾಗಿ ಕಂಡುಬಂದವು ಅಂಗಾಂಗಗಳ ಚಲನೆ ಕೆಡುವ ಬಗೆ ಮತ್ತು ಸೆಳೆತದ ಬಗೆ. ಪಾಶ್ಚಾತ್ಯ ಗ್ರಂಥಗಳಲ್ಲಿ ಬಹುವಾಗಿ ಚರ್ಚಿತವಾಗುವ ಬಹುವ್ಯಕ್ತಿತ್ವದ ಬಗೆಯಲ್ಲ. ಆದುದರಿಂದ ನಮ್ಮ ಚಿಕಿತ್ಸಕರ ಶಿಕ್ಷಣವು ನಮ್ಮ ರೋಗಿಗಳಿಂದಲೇ ಆರಂಭವಾಗಬೇಕು.

ಅವರು ಕಲಿಯಬೇಕಾದ ಮೊದಲ ಪಾಠ, ಮೂರ್ಛೆರೋಗಕ್ಕೂ ಮನೋವಿಘಟನೆಯ ಸೆಳೆತಕ್ಕೂ ಇರುವ ವ್ಯತ್ಯಾಸ. ಸೆಳೆತದ ವೇಳೆ ಕಣ್ಣುಗಳು ಬಿಗಿಯಾಗಿ ಮುಚ್ಚಿರುವುದು, ಸೆಳೆತವು ಏರಿಳಿಯುತ್ತ ಬಹಳ ಹೊತ್ತು ನಡೆಯುವುದು ಎರಡನೆಯದರ ಸೂಚನೆಗಳು. ಆದರೆ ಒಂದೇ ಲಕ್ಷಣವನ್ನು ನಂಬಿ ನಿರ್ಧರಿಸುವಂತಿಲ್ಲ. ರೋಗಿಯ ಚಿತ್ರವನ್ನೂ ಮಿದುಳಿನ ವಿದ್ಯುತ್ ತರಂಗಗಳನ್ನೂ ಏಕಕಾಲದಲ್ಲಿ ದಾಖಲಿಸುವ ವಿಡಿಯೋ ಇ.ಇ.ಜಿ. ಪರೀಕ್ಷೆಯೇ ಇದರಲ್ಲಿ ಅತ್ಯಂತ ವಿಶ್ವಾಸಾರ್ಹ. ಇದು ನಡೆಯದೆ ವರ್ಷಗಟ್ಟಲೆ ಮೂರ್ಛೆರೋಗದ ಮಾತ್ರೆಗಳನ್ನು ನುಂಗಿದವರಿದ್ದಾರೆ. ಕೆಲವರಲ್ಲಿ ಎರಡೂ ಕಾಯಿಲೆಗಳು ಇರುತ್ತವೆಯಾದ್ದರಿಂದ ವೈದ್ಯರ ಸಲಹೆಯಿಲ್ಲದೆ ಮಾತ್ರೆ ನಿಲ್ಲಿಸುವುದೂ ಅಪಾಯಕರ.

ಎರಡನೆಯ ಪಾಠ, ಆಚಾರಕ್ಕೂ ಅನಾರೋಗ್ಯಕ್ಕೂ ಇರುವ ಅಂತರ. ನಮ್ಮ ಕರಾವಳಿಯಲ್ಲಿ ಭೂತಕೋಲದ ವೇಳೆ ಪಾತ್ರಿಗೆ ದರ್ಶನ ಬರುತ್ತದೆ. ಅದು ನಿಯತ ಕಾಲದಲ್ಲಿ ಊರವರ ಸಮ್ಮುಖದಲ್ಲಿ ನಡೆಯುವ ವಿಧಿ; ರೋಗವಲ್ಲ. ಬೇಡವೆಂದರೂ ಮೈಮೇಲೆ ಬರುವುದು, ವಿಧಿಯ ಆವರಣದ ಹೊರಗೆ ಮರುಕಳಿಸುವುದು, ವ್ಯಕ್ತಿಯ ಬಾಳನ್ನು ಕದಡುವುದು, ಇದು ಚಿಕಿತ್ಸೆಗೆ ಅರ್ಹವಾದ ಸ್ಥಿತಿ. ಹೊಸ ವರ್ಗೀಕರಣವೂ ಇದನ್ನೇ ಹೇಳುತ್ತದೆ. ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಮನೋವೈದ್ಯರು ಉಡುಪಿಯ ಬಳಿಯ ಕೋಟದಲ್ಲಿ ಅಧ್ಯಯನ ನಡೆಸಿ 1976ರಲ್ಲಿ ಪ್ರಕಟಿಸಿದ ಗ್ರಂಥವು, ಜನರ ನಂಬಿಕೆಯನ್ನು ಅರಿಯದೆ ಅವರ ಮನಸ್ಸನ್ನು ಅರಿಯಲಾಗದು ಎಂಬುದಕ್ಕೆ ನಿದರ್ಶನ.

ಕೇಳುವ ವಿದ್ಯೆ

ಮೂರನೆಯ ಪಾಠವೇ ಎಲ್ಲಕ್ಕಿಂತ ಕಠಿಣ. ಅದು ಕೇಳುವ ಪಾಠ. ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಮದುವೆಯಾಗಿ ಊರಿನಿಂದ ಮುಂಬಯಿಗೆ ಬಂದ ತರುಣಿಯೊಬ್ಬಳಿಗೆ ಹಿಂದಿಯಾಗಲಿ ಮರಾಠಿಯಾಗಲಿ ಬಾರದು. ಪದೇ ಪದೇ ಸೆಳೆತ ಬರುತ್ತದೆ. ವೈದ್ಯರ ಪ್ರಶ್ನೆಗಳಿಗೆ ಉತ್ತರಿಸುವವರು ಗಂಡ ಅಥವಾ ಅತ್ತೆ. ಆಕೆಯ ಸಂಕಟಕ್ಕೆ ಅವರೇ ಕಾರಣರಾಗಿದ್ದರೆ? ಅಥವಾ ಅವರೆದುರು ಹೇಳಲಾಗದ ಬಾಲ್ಯದ ನೋವೊಂದು ಆಕೆಗಿದ್ದರೆ? ತರಬೇತಿ ಪಡೆದ ಚಿಕಿತ್ಸಕರು ರೋಗಿಯನ್ನು ಏಕಾಂತದಲ್ಲಿ, ಆಕೆಯ ಭಾಷೆ ಬಲ್ಲ ಹೊರಗಿನವರೊಬ್ಬರ ನೆರವಿನಿಂದ ಮಾತನಾಡಿಸುತ್ತಾರೆ. ತರಬೇತಿಯಿಲ್ಲದವರು ಸ್ಕ್ಯಾನಿನ ವರದಿ ನೋಡಿ "ಏನೂ ಇಲ್ಲ" ಎಂದು ಕಳುಹಿಸುತ್ತಾರೆ. ಆ ಎರಡು ಪದಗಳು ಮನೆ ಸೇರುವ ವೇಳೆಗೆ "ಎಲ್ಲ ನಾಟಕ" ಎಂದಾಗಿರುತ್ತವೆ. ಮೂಗಿಗೆ ಈರುಳ್ಳಿ ಹಿಡಿಯುವುದು, ಚಿವುಟುವುದು, ಹೊಡೆಯುವುದು ಅದರ ಮುಂದಿನ ಹೆಜ್ಜೆ.

ಚಿಕಿತ್ಸೆಗೂ ಒಂದು ಕ್ರಮವಿದೆ. ಮೊದಲು ರೋಗಿಗೆ ಸುರಕ್ಷತೆ ಮತ್ತು ಸ್ಥಿಮಿತ; ಅನಂತರ, ಆಕೆ ಸಿದ್ಧಳಾದಾಗ, ಹಳೆಯ ಗಾಯದ ಮಾತು; ಕೊನೆಗೆ ಬಾಳಿನ ಮರುಜೋಡಣೆ. ಮನೋವಿಘಟನೆಗೇ ಮೀಸಲಾದ ಔಷಧಿಯಿಲ್ಲ. ಜತೆಗಿರುವ ಖಿನ್ನತೆ, ಆತಂಕಗಳಿಗೆ ಮಾತ್ರೆಗಳುಂಟು. ಮುಖ್ಯ ಚಿಕಿತ್ಸೆ ಮಾತಿನದೇ. ಇಲ್ಲಿ ಸಂಯಮವೂ ಅಗತ್ಯ. ಚಿಕಿತ್ಸಕರೇ ಸೂಚನೆ ಕೊಟ್ಟು, ಸಮ್ಮೋಹನಕ್ಕೆ ಒಳಪಡಿಸಿ ನೆನಪುಗಳನ್ನು ಕೆದಕಿದರೆ, ನಡೆಯದುದೂ ನಡೆದಂತೆ ರೋಗಿಗೆ ತೋರಬಹುದು. ಅಮೆರಿಕದಲ್ಲಿ 1980 ಮತ್ತು 1990ರ ದಶಕಗಳಲ್ಲಿ ಇದು ದೊಡ್ಡ ವಿವಾದವಾಯಿತು. ಇಲ್ಲದ್ದನ್ನು ಕಾಣುವುದೂ ಇದ್ದದ್ದನ್ನು ಕಾಣದಿರುವಷ್ಟೇ ದೋಷ.

ಯಾರಿಗೆ ತರಬೇತಿ?

2019ರಲ್ಲಿ ಪ್ರಕಟವಾದ ಲೆಕ್ಕಾಚಾರವೊಂದರಂತೆ ನಮ್ಮ ದೇಶದಲ್ಲಿ ಲಕ್ಷ ಜನರಿಗೆ ಮನೋವೈದ್ಯರ ಪ್ರಮಾಣ 0.75. ಎಂ.ಬಿ.ಬಿ.ಎಸ್. ವ್ಯಾಸಂಗದಲ್ಲಿ ಮನೋವೈದ್ಯಶಾಸ್ತ್ರಕ್ಕೆ ದೊರೆಯುವುದು ಕೆಲವೇ ವಾರಗಳು. ಆದುದರಿಂದ ತಜ್ಞರಿಗೆ ಮಾತ್ರವಲ್ಲದೆ ಮನೆವೈದ್ಯರು, ದಾದಿಯರು, ಸಮಾಜ ಕಾರ್ಯಕರ್ತರಿಗೂ ಈ ಪಾಠ ತಲುಪಬೇಕು. ಇದು ಅಸಾಧ್ಯವಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸುವ ತರಬೇತಿ ನೀಡಿತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ 'ಬಳ್ಳಾರಿ ಮಾದರಿ'ಯೇ ತಳಹದಿ. ಕನ್ನಡ ನಾಡು ದೇಶಕ್ಕೆ ಕೊಟ್ಟ ಕೊಡುಗೆಗಳಲ್ಲಿ ಇದೂ ಒಂದು.

ನಮ್ಮಿಂದಾಗುವುದೇನು?

ವೈದ್ಯರ ಪಠ್ಯಕ್ರಮವನ್ನು ಬದಲಿಸುವ ಅಧಿಕಾರ ನಮಗಿಲ್ಲ. ಆದರೆ ಭಾಷೆ ನಮ್ಮಲ್ಲಿದೆ. ಕನ್ನಡ, ತುಳು, ಕೊಂಕಣಿ ಬಲ್ಲ ಮನೋವೈದ್ಯರ ಹಾಗೂ ಮನೋವಿಜ್ಞಾನಿಗಳ ಪಟ್ಟಿಯನ್ನು ನಮ್ಮ ಸಂಘಗಳು ಇಟ್ಟುಕೊಳ್ಳಬಹುದು. ಗುಟ್ಟು ಕಾಯಬಲ್ಲ, ಆಸ್ಪತ್ರೆಗೆ ಜತೆಗೆ ಹೋಗಿ ಮಾತನ್ನು ಮುಟ್ಟಿಸಬಲ್ಲ ಸೋದರ ಸೋದರಿಯರನ್ನು ಸಿದ್ಧಗೊಳಿಸಬಹುದು. ಕೆ.ಇ.ಎಂ., ನಾಯರ್, ಸಾಯನ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯನ್ನು 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆಯಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆಯ ಸೌಲಭ್ಯ ಇರಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ವಿಧಿಸುತ್ತದೆ ಎಂಬುದೂ ನೆನಪಿರಲಿ.

ಮನೆಯಲ್ಲಿ ಯಾರಾದರೂ ಹೀಗೆ ಬಿದ್ದಾಗ ಪೆಟ್ಟಾಗದಂತೆ ನೋಡಿಕೊಂಡು, ಶಾಂತವಾಗಿ ಬಳಿಯಲ್ಲಿದ್ದು, ಎಚ್ಚರಾದ ಮೇಲೆ ಗದರಿಸದೆ ವೈದ್ಯರ ಬಳಿಗೆ ಕರೆದೊಯ್ಯೋಣ. ವೈದ್ಯರು "ಏನೂ ಇಲ್ಲ" ಎಂದರೆ, "ಹಾಗಾದರೆ ಏಕೆ ಹೀಗಾಗುತ್ತಿದೆ, ಯಾರಿಗೆ ತೋರಿಸಬೇಕು?" ಎಂದು ವಿನಯದಿಂದ ಮತ್ತೊಮ್ಮೆ ಕೇಳೋಣ. ರೋಗಿಗೆ ಸಲ್ಲಬೇಕಾದ ಚಿಕಿತ್ಸೆಯ ಬಾಗಿಲು ಆ ಒಂದು ಪ್ರಶ್ನೆಯಿಂದ ತೆರೆದುಕೊಳ್ಳಬಹುದು.