ತೋಳಿನ ಕಡ್ಡಿ: ಇಡಿಸುವ ಮೊದಲು ತಿಳಿದಿರಲಿ

ನಮ್ಮ ಸೀಮೆಯ ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತಿರುವುದು ಎರಡೇ: ಹಡೆಯೋದು, ಸಾಕೆನಿಸಿದಾಗ ಆಪರೇಷನ್. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತ ಸಿಸ್ಟರ್ ಆಗಿ ದುಡಿದ ನಾನು, 25 ತುಂಬುವ ಮೊದಲೇ ಆಪರೇಷನ್ ಮುಗಿಸಿಕೊಂಡವರನ್ನು ಬಹಳ ಕಂಡಿದ್ದೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತೆಯರಲ್ಲಿ ನೂರಕ್ಕೆ 57 ಮಂದಿ ಆಪರೇಷನ್ ಆದವರು. ಗಂಡಸರ ಆಪರೇಷನ್ ಲೆಕ್ಕಕ್ಕೇ ಸಿಗುವುದಿಲ್ಲ. ಇದು ನನಗೆ ನೋವಿನ ಸಂಗತಿ.

ಎರಡು ಹೆರಿಗೆಗಳ ನಡುವೆ ಬಿಡುವು ಬೇಕೆಂದರೆ ಮಾತ್ರೆ, ವಂಕಿ, ಮೂರು ತಿಂಗಳಿಗೊಮ್ಮೆ ಹಾಕುವ ‘ಅಂತರ’ ಚುಚ್ಚುಮದ್ದು ಇವೆ. ಆದರೆ ಗುಳೆ ಹೋಗುವ ಹೆಣ್ಣುಮಕ್ಕಳಿಗೆ ಚುಚ್ಚುಮದ್ದಿನ ತಾರೀಖು ತಪ್ಪುತ್ತದೆ, ಮಾತ್ರೆ ಮುಗಿದುಹೋಗುತ್ತದೆ. ಅಂಥವರಿಗೆ ತೋಳಿನ ಇಂಪ್ಲಾಂಟ್ ಚೆನ್ನಾಗಿ ಒಗ್ಗುತ್ತದೆ. 2023ರಿಂದ ಕೇಂದ್ರ ಸರ್ಕಾರ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳ ಆಯ್ದ ಜಿಲ್ಲೆಗಳಲ್ಲಿ ಇದನ್ನು ಆರಂಭಿಸಿದೆ.

ಬೆಂಕಿಕಡ್ಡಿಯಷ್ಟು ಗಾತ್ರದ, 4 ಸೆಂಟಿಮೀಟರ್ ಉದ್ದದ ಮೆತ್ತನೆಯ ಕಡ್ಡಿ ಅದು. ಅದರಲ್ಲಿ 68 ಮಿಲಿಗ್ರಾಂ ಎಟೊನೊಜೆಸ್ಟ್ರೆಲ್ ಎಂಬ ಹಾರ್ಮೋನು ಇರುತ್ತದೆ. ಹೆಚ್ಚು ಬಳಸದ ಕೈಯ ಮೇಲ್ತೋಳಿನ ಒಳಮಗ್ಗುಲಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಚರ್ಮದ ಕೆಳಗೇ ಕಡ್ಡಿಯನ್ನು ಸೇರಿಸುತ್ತಾರೆ. ಹೊಲಿಗೆ ಇಲ್ಲ, ಕೆಲವೇ ನಿಮಿಷದ ಕೆಲಸ. ಬಿಗಿಯಾಗಿ ಕಟ್ಟಿದ ಪಟ್ಟಿಯನ್ನು ಮರುದಿನ ಬಿಚ್ಚಬಹುದು. ಒಂದೆರಡು ದಿನ ಭಾರ ಎತ್ತಬೇಡಿ. ತೋಳು ಸ್ವಲ್ಪ ಕಂದುಗಟ್ಟಿದರೆ ಹೆದರಬೇಡಿ. ಕೀವು, ಜ್ವರ ಕಂಡರೆ ಮಾತ್ರ ತಡಮಾಡಬೇಡಿ. ಮುಟ್ಟಾದ ಮೊದಲ 5 ದಿನದೊಳಗೆ ಇಡಿಸಿದರೆ ಆವತ್ತಿನಿಂದಲೇ ರಕ್ಷಣೆ, ಇಲ್ಲವಾದರೆ 7 ದಿನ ನಿರೋಧ್ ಬಳಸಬೇಕು. ಆಮೇಲೆ 3 ವರ್ಷ ನಿಶ್ಚಿಂತೆ. ಸಾವಿರ ಮಂದಿಯಲ್ಲಿ ಒಬ್ಬರಿಗೂ ಬಸಿರು ನಿಲ್ಲುವುದು ಅಪರೂಪ. ಹಾಲೂಡಿಸುವ ತಾಯಂದಿರೂ ಇಡಿಸಬಹುದು.

“ಯಕ್ಕಾ, ಕಡ್ಡಿ ಮೈಯಾಗ ಓಡಾಡಿ ಎದಿಗೆ ಹೋಗ್ತದಂತಲ್ಲ?” ಎಂದು ಕೇಳುವವರಿದ್ದಾರೆ. ಸರಿಯಾಗಿ ಇಟ್ಟ ಕಡ್ಡಿ ಜಾಗ ಬಿಡುವುದು ತೀರಾ ವಿರಳ. ಇಟ್ಟ ಕೂಡಲೇ ಬೆರಳಿನಿಂದ ಮುಟ್ಟಿ ನೋಡಿಕೊಳ್ಳಿ. ಕೈಗೆ ಸಿಗದಿದ್ದರೆ ಡಾಕ್ಟರಿಗೆ ತೋರಿಸಿ.

ಹೆಣ್ಣುಮಕ್ಕಳನ್ನು ನಿಜವಾಗಿ ಕಂಗೆಡಿಸುವುದು ಮುಟ್ಟಿನ ಏರುಪೇರು. ಕೆಲವರಿಗೆ ವಾರಗಟ್ಟಲೆ ಸ್ವಲ್ಪ ಸ್ವಲ್ಪ ರಕ್ತ ಕಾಣಿಸುತ್ತದೆ, ಸುಮಾರು ಐವರಲ್ಲಿ ಒಬ್ಬರಿಗೆ ಮುಟ್ಟೇ ನಿಲ್ಲುತ್ತದೆ. “ಕೆಟ್ಟ ರಕ್ತ ಒಳಗೇ ಕೂತಿತು” ಎಂದು ಅತ್ತೆ ಹೆದರಿಸುತ್ತಾಳೆ. ಕೂತುಕೊಳ್ಳಲು ಅಲ್ಲಿ ರಕ್ತವೇ ಇರುವುದಿಲ್ಲ. ಗರ್ಭಕೋಶದ ಒಳಪದರ ತೆಳ್ಳಗಾಗಿರುತ್ತದೆ, ಅಷ್ಟೇ. ಆದರೆ ಮುಟ್ಟಾದವಳು ಹೊರಗೇ ಇರಬೇಕೆನ್ನುವ ಹಟ್ಟಿಯಲ್ಲಿ ಎರಡು ವಾರದ ಕಲೆ ಎಂದರೆ ಎರಡು ವಾರದ ಶಿಕ್ಷೆ. ಇದನ್ನು ಮೊದಲೇ ಹೇಳದೆ ಕಡ್ಡಿ ಇಡುವುದು ಅನ್ಯಾಯ. ತಲೆನೋವು, ಮೊಡವೆ, ತೂಕ ಏರುವುದೂ ಕೆಲವರಿಗೆ ಉಂಟು. ರಕ್ತ ಹೆಚ್ಚು ಹೋದರೆ ಆಸ್ಪತ್ರೆಗೆ ಹೋಗಲೇಬೇಕು.

ಸ್ತನ ಕ್ಯಾನ್ಸರ್ ಆದವರಿಗೆ, ತೀವ್ರ ಲಿವರ್ ಕಾಯಿಲೆ ಇರುವವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಇದು ಬೇಡ. ಟಿಬಿಯ ರಿಫಾಂಪಿಸಿನ್, ಮೂರ್ಛೆರೋಗದ ಕೆಲವು ಮಾತ್ರೆಗಳು ಕಡ್ಡಿಯ ಶಕ್ತಿ ಕುಂದಿಸುತ್ತವೆ, ಮುಚ್ಚಿಡದೆ ಹೇಳಿ. ಎಚ್‌ಐವಿಯಿಂದ ಕಡ್ಡಿ ಕಾಪಾಡುವುದಿಲ್ಲ, ಅದಕ್ಕೆ ನಿರೋಧೇ ಬೇಕು.

ತೆಗೆಸುವುದೂ ಅಷ್ಟೇ ಮುಖ್ಯ. ಹಿಂದೆ ನಾರ್‌ಪ್ಲಾಂಟ್ ಎಂಬ 6 ಕಡ್ಡಿಗಳ ಇಂಪ್ಲಾಂಟ್ ನಮ್ಮ ದೇಶದಲ್ಲಿ ಪ್ರಯೋಗಕ್ಕೆ ಬಂದಾಗ ಮಹಿಳಾ ಸಂಘಟನೆಗಳು ಗಟ್ಟಿಯಾಗಿ ವಿರೋಧಿಸಿದ್ದವು. ಹೆಣ್ಣಿಗೆ ಪೂರ್ತಿ ಮಾಹಿತಿ ಬೇಕು, ಬೇಡವೆಂದಾಗ ಬಿಡಿಸಿಕೊಳ್ಳುವ ದಾರಿ ಬೇಕು ಎಂಬ ಅವರ ವಾದ ಇಂದಿಗೂ ಸರಿ. ಈಗಿನ ಕಡ್ಡಿಯನ್ನು ತರಬೇತಾದ ಡಾಕ್ಟರು ಸಣ್ಣ ಗಾಯ ಮಾಡಿ ತೆಗೆಯುತ್ತಾರೆ. ತೆಗೆದ ಕೆಲವೇ ವಾರಗಳಲ್ಲಿ ಬಸಿರಾಗಬಹುದು.

ಆದ್ದರಿಂದ ಇಡಿಸುವ ಮೊದಲೇ ಕೇಳಿ: ತೆಗೆಯುವವರು ಯಾರು, ಎಲ್ಲಿ? ಇಟ್ಟ ತಾರೀಖು ಬರೆದ ಕಾರ್ಡನ್ನು ಆಧಾರ್ ಜೊತೆ ಇಟ್ಟುಕೊಳ್ಳಿ, ಗುಳೆ ಹೋಗುವಾಗಲೂ ಒಯ್ಯಿರಿ. 3 ವರ್ಷ ತುಂಬುವ ಮೊದಲೇ ಬೇಡವೆನಿಸಿದರೆ, ಕಾರಣ ಹೇಳದೆಯೂ ತೆಗೆಸಿಕೊಳ್ಳುವ ಹಕ್ಕು ನಿಮ್ಮದು.