ಕಂಠ ಹಲವು, ಗಾನ ಒಂದು

ನಮ್ಮ ಶಾಸ್ತ್ರೀಯ ಸಂಗೀತದಲ್ಲಿ ಹಿರಿಯ ಸ್ಥಾನ ಒಂಟಿ ಕಂಠಕ್ಕೆ. ರಾಗವನ್ನು ಹಿಗ್ಗಿಸಿ, ಸ್ವರವನ್ನು ಬಳುಕಿಸಿ ಕೇಳುವವರು ತಲೆದೂಗುವಂತೆ ಮಾಡುವ ಸ್ವಾತಂತ್ರ್ಯ ವಿದ್ವಾಂಸರದು. ಭಜನೆ, ಸೋಬಾನೆ, ಕೋಲಾಟದ ಪದಗಳಲ್ಲಿ ಹತ್ತು ದನಿ ಕೂಡುವುದುಂಟು. ಅಲ್ಲಿ ಒಬ್ಬರ ತಪ್ಪನ್ನು ಉಳಿದವರ ಉತ್ಸಾಹ ಮುಚ್ಚಿಬಿಡುತ್ತದೆ. ವೇದಿಕೆಯ ಸಮೂಹಗಾನಕ್ಕೆ ಅಂಥ ರಿಯಾಯಿತಿಯಿಲ್ಲ. ಆದಕಾರಣವೇ ಬೆಂಗಳೂರಿಗೆ ಹಾಡಲು ಬರುವ ತರುಣ ತರುಣಿಯರ ತಂಡಕ್ಕೆ ಒಂದು ದಿನವೆಂದರೆ ಅರ್ಧ ಅಭ್ಯಾಸ, ಅರ್ಧ ಊರು ನೋಡುವ ಸಂಭ್ರಮ.

ಅಭ್ಯಾಸಕ್ಕೆ ನಾಡಗೀತೆಯೇ ಒಳ್ಳೆಯ ಒರೆಗಲ್ಲು. ಕುವೆಂಪು ವಿರಚಿತ ಕವನ 2004ರಲ್ಲಿ ನಾಡಗೀತೆಯಾಯಿತಾದರೂ ಅದನ್ನು ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕೆಂಬ ಚರ್ಚೆ ಬಹುಕಾಲ ನಡೆಯಿತು. ಧಾಟಿ ಬೇರೆಯಾದರೆ ಸಾಲು ತಿಳಿದವರೂ ಕೂಡಿ ಹಾಡಲಾರರಷ್ಟೆ! ಕಡೆಗೆ 2022ರಲ್ಲಿ ಸರ್ಕಾರವು ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಅಂಗೀಕರಿಸಿ, ಆಲಾಪವಾಗಲಿ ಪುನರಾವರ್ತನೆಯಾಗಲಿ ಇಲ್ಲದೆ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಗೊತ್ತುಪಡಿಸಿತು. ಇಂಪಾದ ಕಂಠವುಳ್ಳವರಿಗೇ ಇದು ಕಠಿನ ಪರೀಕ್ಷೆ. ನಾಲಗೆಯ ತುದಿಗೆ ಬಂದ ಸಂಗತಿಯೊಂದನ್ನು ನುಂಗಿಕೊಂಡು ಪಕ್ಕದವನ ಉಸಿರಿಗೆ ತನ್ನ ಉಸಿರನ್ನು ಹೊಂದಿಸಬೇಕು.

ಅಭ್ಯಾಸ ಮುಗಿದೊಡನೆ ಬಸವನಗುಡಿ. 1898ರ ಪ್ಲೇಗಿನ ದೆಸೆಯಿಂದ ಇಕ್ಕಟ್ಟಿನ ಪೇಟೆಯ ಹೊರಗೆ ಹುಟ್ಟಿದ ಬಡಾವಣೆಗಳಲ್ಲಿ ಇದೂ ಮಲ್ಲೇಶ್ವರವೂ ಅವಳಿ. ದೊಡ್ಡಬಸವಣ್ಣನ ಏಕಶಿಲೆಯ ಭವ್ಯತೆಯನ್ನು ಕಂಡು, ಪಕ್ಕದ ಕಹಳೆಬಂಡೆಯನ್ನೇರಿದರೆ ಗಾಳಿಗೆ ಎದೆ ಹಿಗ್ಗುತ್ತದೆ, ಕೂಗಿ ಕರೆಯಬೇಕೆನಿಸುತ್ತದೆ. ಆದರೆ ಸಂಜೆಯ ಹಾಡಿಗೆ ಗಂಟಲನ್ನು ಕಾಯ್ದಿಡಬೇಕಲ್ಲ! ಗಾಂಧಿಬಜಾರಿನಲ್ಲಿ 1943ರಿಂದಲೂ ನಡೆದುಬಂದಿರುವ ವಿದ್ಯಾರ್ಥಿ ಭವನದ ದೋಸೆಯೆದುರಿಗೂ ಅದೇ ಧರ್ಮಸಂಕಟ: ತುಪ್ಪದ ಘಮಘಮ ಒಂದು ಕಡೆ, ಗುರುಗಳ ಕಣ್ಣು ಇನ್ನೊಂದು ಕಡೆ.

ಚಾಮರಾಜಪೇಟೆಯಲ್ಲಿ 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿದೆ. ಸಮೀಪದ ಕೋಟೆ ಪ್ರೌಢಶಾಲೆಯ ಮೈದಾನವೋ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಕಚೇರಿಗಳಿಂದ ನಾಡಿನ ಹೊರಗೂ ಹೆಸರಾದುದು. 1939ರಲ್ಲಿ ಮೊದಲಾದ ಆ ಸಂಗೀತೋತ್ಸವದಲ್ಲಿ ಹಾಡದ ಹಿರಿಯರು ವಿರಳ.

ಮಲ್ಲೇಶ್ವರದ ಕಡೆಗೆ ಸಾಗಿದರೆ ಪಿಟೀಲಿನ ಆಕಾರದಲ್ಲಿ ನಿಂತ ಚೌಡಯ್ಯ ಸ್ಮಾರಕ ಭವನ. 1980ರ ಈ ಕಟ್ಟಡವನ್ನು ಕಂಡು ಎಳೆಯರು ಬೆರಗಾಗುವುದು ಸಹಜ. ಅದಕ್ಕಿಂತ ಮಿಗಿಲಾದ ಪಾಠ ಚೌಡಯ್ಯನವರ ವಾದ್ಯದಲ್ಲಿದೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ನಾದ ಮುಟ್ಟಲೆಂದು ಅವರು ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಗಳದನ್ನಾಗಿ ಮಾಡಿದರು. ತಂತಿ ಹೆಚ್ಚಿದರೆ ನಾದ ತುಂಬುವುದು ನಿಜ. ಆದರೆ ಒಂದು ತಂತಿ ಶ್ರುತಿ ತಪ್ಪಿದರೂ ಉಳಿದವುಗಳ ಸೊಗಸು ಕೆಡುತ್ತದೆ.

ಸಂಜೆ ವೇದಿಕೆಯೇರುವ ತರುಣರಿಗೆ ಇದಕ್ಕಿಂತ ಹೆಚ್ಚಿನ ಉಪದೇಶ ಬೇಕಿಲ್ಲ. ತನ್ನ ದನಿ ಬೇರೆಯಾಗಿ ಕೇಳಿಸಲೆಂಬ ಆಸೆ ಯೌವನಕ್ಕೆ ಸಹಜವಾದುದು. ಎಲ್ಲರ ದನಿಯಲ್ಲಿ ಅದು ಸೇರಿಹೋದಾಗಲೇ ಹಾಡು ತುಂಬುತ್ತದೆಂಬುದನ್ನು ಅರಿಯಲು ಮಾತ್ರ ಅಭ್ಯಾಸ ಬೇಕು.